ಅಪ್ರೆಂಟಿಸ್ ಆದ್ರ ನೌಕ್ರಿ ಸಿಕ್ಕಂಗೇನ್ರಿ?

ಐಟಿಐ ಮುಗಿಸಿದ ಮಗ ಮನೆಯಲ್ಲಿದ್ದರೆ ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೇ ಓಣಿಗಳಲ್ಲಿ ಮೊದಲು ಬರುವ ಮಾತು ರೈಲ್ವೆಯದು. ಅದು ಸಹಜವೂ ಹೌದು. ಬ್ರಿಟಿಷರ ಕಾಲದ ವರ್ಕ್‌ಶಾಪ್ ಊರಲ್ಲೇ ಇದೆ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲೇ ಇದೆ.

ಆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ತರಬೇತಿಗೆ ಸೇರಲು ಲಿಖಿತ ಪರೀಕ್ಷೆ ಇಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ನೋಡಿ ಪಟ್ಟಿ ಮಾಡುತ್ತಾರೆ. ಆಮೇಲೆ ವರ್ಷವಿಡೀ ಫಿಟ್ಟರ್, ವೆಲ್ಡರ್‌ಗಳ ಬೆನ್ನಿಗೆ ನಿಂತು ಕೆಲಸ: ರಿಪೇರಿಗೆ ಬಂದ ಬೋಗಿಯ ಬ್ರೇಕಿನ ಭಾಗ ಕಳಚುವುದು, ಸ್ಪ್ರಿಂಗ್ ಪರೀಕ್ಷಿಸುವುದು, ತುಕ್ಕು ತಿಂದ ತಗಡು ಕತ್ತರಿಸಿ ಹೊಸದನ್ನು ಬೆಸೆಯುವುದು. ಕೈಗೆ ಸ್ಟೈಪೆಂಡ್ ಬರುತ್ತದೆ, ಪಗಾರವಲ್ಲ. ಮನೆಯವರು ಮಾತ್ರ ‘ಹುಡುಗ ರೈಲ್ವೇದಾಗ ಅದಾನ’ ಎಂದು ಕನ್ಯಾ ನೋಡಲು ಶುರು ಮಾಡಿರುತ್ತಾರೆ!

ಕಾಯ್ದೆ ಅಷ್ಟು ಉದಾರಿಯಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ 22ನೇ ಕಲಮಿನ ಪ್ರಕಾರ, ತರಬೇತಿ ಕೊಟ್ಟ ಮಾತ್ರಕ್ಕೆ ನೌಕರಿ ಕೊಡಲೇಬೇಕೆಂದಿಲ್ಲ. ಇತರ ಅರ್ಹತೆಗಳು ಸಮನಿದ್ದರೆ ತರಬೇತಿ ಪಡೆದವರಿಗೆ ಆದ್ಯತೆ ಇರಲಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ರೈಲ್ವೆ ಈಗ ಕೆಳಹಂತದ ಲೆವೆಲ್-1 ಹುದ್ದೆಗಳಲ್ಲಿ ಶೇ 20ರಷ್ಟನ್ನು ತನ್ನಲ್ಲಿ ತರಬೇತಿ ಮುಗಿಸಿದವರಿಗೆ ಮೀಸಲಿಡುತ್ತದೆ. ಅದೂ ಸಾಲದು, ನೇರವಾಗಿ ಸೇರಿಸಿಕೊಳ್ಳಿ ಎಂದು 2018ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಹುಡುಗರು ಹಳಿ ಮೇಲೆ ಕೂತು ಲೋಕಲ್ ರೈಲು ನಿಲ್ಲಿಸಿದ್ದರು.

ಮೀಸಲಿದ್ದರೂ ಪರೀಕ್ಷೆ ತಪ್ಪಿದ್ದಲ್ಲ: ಗಣಿತ, ರೀಸನಿಂಗ್, ವಿಜ್ಞಾನ, ಸಾಮಾನ್ಯ ಜ್ಞಾನ ಸೇರಿ 100 ಪ್ರಶ್ನೆ, 90 ನಿಮಿಷ. ಕನ್ನಡದಲ್ಲೂ ಬರೆಯಬಹುದು. ವೆಲ್ಡಿಂಗ್‌ನಲ್ಲಿ ಪಳಗಿದ ಕೈಗೆ ಅಲ್ಲಿ ಬೆಲೆಯಿಲ್ಲ. ಇದು ನನಗೆ ಸರಿಕಾಣುವುದಿಲ್ಲ. ಕಾಯುವ ಶಿಕ್ಷೆ ಬೇರೆ. 2019ರಲ್ಲಿ ಕರೆದ 1,03,769 ಲೆವೆಲ್-1 ಹುದ್ದೆಗಳಿಗೆ ಪರೀಕ್ಷೆ ನಡೆದದ್ದು 2022ರಲ್ಲಿ. ಅಷ್ಟರಲ್ಲಿ ಎಷ್ಟೋ ಹುಡುಗರು ಗ್ಯಾರೇಜು, ಡೆಲಿವರಿ ಕೆಲಸ ಹಿಡಿದು ಪುಸ್ತಕ ಮುಚ್ಚಿರುತ್ತಾರೆ.

ಹಾಗಂತ ಈ ದಾರಿ ಬಿಡಬೇಕೆಂದಲ್ಲ. ಐದರಲ್ಲೊಂದು ಹುದ್ದೆಗೆ ಹೊರಗಿನವರ ಪೈಪೋಟಿಯೇ ಇಲ್ಲವೆಂದರೆ ಸಣ್ಣ ಮಾತಲ್ಲ. ಅಪ್ರೆಂಟಿಸ್‌ಗೆ ಸೇರಿದ ದಿನವೇ ಸಂಜೆ ಒಂದು ತಾಸು ಗಣಿತಕ್ಕೆ ಮೀಸಲಿಡಿ. ಕೊನೆಯ ಟ್ರೇಡ್ ಪರೀಕ್ಷೆ ತಪ್ಪಿಸಬೇಡಿ; ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಆ ಶೇ 20ರ ಪಾಲು ನಿಮಗೆ ಸಿಗುವುದಿಲ್ಲ.