ಯಯಾತಿಯ ಮನೆ, ಪ್ರೇಕ್ಷಕನ ಮನೆ

ರಂಗದ ಮೇಲೆ ತಂದೆ-ಮಕ್ಕಳ ಘರ್ಷಣೆ ನಡೆಯುತ್ತಿರುವಾಗ ಪ್ರೇಕ್ಷಕನ ಕಣ್ಣಿಗೆ ತನ್ನ ಮನೆಯೇ ಬಂದು ನಿಂತರೆ, ಅದು ನಾಟಕದ ಸಿದ್ಧಿಯೋ ರಸಕ್ಕೆ ಒದಗಿದ ಅಡ್ಡಿಯೋ? ನಮ್ಮ ಆಲಂಕಾರಿಕರಿಗೆ ಈ ಪ್ರಶ್ನೆ ಹೊಸದಲ್ಲ. ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ಎಣಿಸಿರುವ ಏಳು ರಸವಿಘ್ನಗಳಲ್ಲಿ ‘ನಿಜಸುಖಾದಿವಿವಶೀಭಾವ’ವೂ ಒಂದು, ಎಂದರೆ, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು. ಗಾನ, ವಾದ್ಯ, ಮಂಡಪದ ಶೋಭೆ ಮೊದಲಾದವು ಅದಕ್ಕೆ ಪರಿಹಾರ. ಭಾವವು ‘ನನ್ನದು’, ‘ಪರರದು’ ಎಂಬ ಕಟ್ಟನ್ನು ಕಳಚಿಕೊಂಡು ಸಾಧಾರಣವಾದಾಗಲೇ ರಸಾನುಭವ.

ಗಿರೀಶ ಕಾರ್ನಾಡರ ‘ಯಯಾತಿ’ ಈ ವಿಚಾರಕ್ಕೆ ತಕ್ಕ ನಿದರ್ಶನ. 1960ರಲ್ಲಿ ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟಿದ್ದರು. ಮಗನು ಮರಳಿ ಬರುವನೋ, ಅಲ್ಲಿಯೇ ಮದುವೆಯಾಗಿ ನಿಂತುಬಿಡುವನೋ ಎಂಬ ಕಳವಳ ಮನೆಯವರದು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ತರುಣನು ಆ ಎಳೆದಾಟದ ನಡುವೆ ಕನ್ನಡದಲ್ಲಿ, ಅದೂ ಪುರಾಣವಸ್ತುವಿನ ಮೇಲೆ, ನಾಟಕ ಬರೆದನು. ತನ್ನ ಭವಿಷ್ಯದ ತ್ಯಾಗವನ್ನು ಬಯಸುವಂತೆ ತೋರಿದವರ ಮೇಲಿನ ಅಸಮಾಧಾನವೇ ಅದರಲ್ಲಿ ರೂಪ ತಳೆಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಆ ಕೃತಿಯನ್ನು ಪ್ರಕಟಿಸಿತು.

ಮಹಾಭಾರತದ ಆದಿಪರ್ವದಲ್ಲಿ ಶುಕ್ರಾಚಾರ್ಯರ ಶಾಪದಿಂದ ಮುಪ್ಪಾದ ಯಯಾತಿಯು ಮಕ್ಕಳ ಯೌವನವನ್ನು ಬೇಡುತ್ತಾನೆ. ಯದು ಮೊದಲಾದ ನಾಲ್ವರು ಒಲ್ಲೆನೆನ್ನುತ್ತಾರೆ; ಕಿರಿಯ ಪುರು ಒಪ್ಪಿ, ಕೊನೆಗೆ ರಾಜ್ಯವನ್ನು ಪಡೆಯುತ್ತಾನೆ. ಅಲ್ಲಿ ತ್ಯಾಗಕ್ಕೆ ಫಲ ಉಂಟು, ಲೆಕ್ಕ ಸರಿಹೋಗುತ್ತದೆ. ಕಾರ್ನಾಡರು ಪುರುವಿಗೆ ಚಿತ್ರಲೇಖೆಯೆಂಬ ಹೆಂಡತಿಯನ್ನು ಕಲ್ಪಿಸಿದ ಕೂಡಲೆ ಆ ಲೆಕ್ಕ ತಪ್ಪಿತು. ಮಾವ ಮತ್ತು ಗಂಡ ಮಾಡಿಕೊಂಡ ಒಪ್ಪಂದದಲ್ಲಿ ಅವಳನ್ನು ಕೇಳಿದವರಿಲ್ಲ. ಅದರ ಬೆಲೆಯನ್ನು ಪ್ರಾಣದಿಂದ ತೆತ್ತವಳು ಅವಳೇ. ಅವಳ ಮರಣದ ಬಳಿಕವೇ ಯಯಾತಿ ಮುಪ್ಪನ್ನು ಮರಳಿ ಪಡೆದು ಅರಣ್ಯಕ್ಕೆ ನಡೆಯುತ್ತಾನೆ.

ವಲಸೆಯ ಮನೆಗಳಿಗೆ ಈ ಕಥೆ ಇನ್ನೂ ಸಮೀಪದ್ದು. 1956ರಲ್ಲಿ ಹೈದರಾಬಾದು ರಾಜ್ಯ ವಿಂಗಡವಾಗಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರಿಗೆ ಸೇರಿದ ಮೇಲೂ ಅನೇಕ ಕನ್ನಡ ಕುಟುಂಬಗಳು ಈ ನಗರದಲ್ಲಿಯೇ ಉಳಿದವು. ಉದ್ಯೋಗವನ್ನರಸಿ ಇನ್ನಷ್ಟು ಬಂದವು. ಲಿಂಗಂಪಲ್ಲಿಯ ಕನ್ನಡ ಮನೆಯೊಂದರಲ್ಲಿ, ಹಿಂದೊಮ್ಮೆ ಹೆತ್ತವರನ್ನು ಹುಟ್ಟೂರಲ್ಲಿ ಬಿಟ್ಟು ಬಂದ ತಂದೆಯೇ ಇಂದು ಕಡಲಾಚೆ ಹೊರಟ ಮಗನನ್ನು ತಡೆಯುವುದು ಅಪರೂಪವಲ್ಲ. ಒಂದೇ ಆಯುಷ್ಯದಲ್ಲಿ ಅವನು ಪುರುವೂ ಹೌದು, ಯಯಾತಿಯೂ ಹೌದು.

ಇಂತಹ ಮಗನು ನಾಟಕವನ್ನು ನೋಡಿ ‘ನನ್ನ ತಂದೆಯೇ ಯಯಾತಿ’ ಎಂದು ಅಲ್ಲಿಗೇ ನಿಂತರೆ ಅದು ಅಭಿನವಗುಪ್ತನು ಹೇಳಿದ ವಿಘ್ನವೇ ಸರಿ. ನಾಟಕವು ಹಳೆಯ ಮುನಿಸಿಗೆ ಸಾಕ್ಷಿಯಾಯಿತೇ ಹೊರತು ಬೇರೇನೂ ಆಗಲಿಲ್ಲ. ಮುಂದುವರಿದು ನೋಡಿದರೆ, ಬೇಡುವ ಮುದುಕನ ಹಿಂದೆ ಮರಣದ ಭಯ ಕಾಣುತ್ತದೆ. ಕೊಡುವ ಮಗನ ತ್ಯಾಗದಲ್ಲಿ ಹಿರಿಮೆಯ ಆಸೆ ಕಾಣುತ್ತದೆ. ಕೊನೆಗೆ, ತನ್ನ ಮನೆಯ ಜಗಳವನ್ನು ನೆನೆಯುವಾಗಲೆಲ್ಲ ತಾನು ಎಣಿಸದೆ ಬಿಟ್ಟವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ತಾಯಿಯೋ ಅತ್ತಿಗೆಯೋ ಆಗ ಅವನಿಗೆ ಕಾಣಿಸಿದರೆ, ಪುರಾಣದ ದೂರವು ತನ್ನ ಕೆಲಸ ಮಾಡಿದಂತೆಯೇ.