ಮೂರೇ ಸಾಕೆಂದವರ ಮುನಿಸು

1871ರಲ್ಲಿ ಎಡಿನ್‌ಬರೊದ ಡಬ್ಲ್ಯು. ಸಿ. ಸ್ಟೀವರ್ಟ್ ಸಿಟ್ಟಿನ ಭರದಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಹೆಸರು ‘ಎ ಕಾಷನ್ ಟು ಆಂಗ್ಲರ್ಸ್’, ಅಂದರೆ ಗಾಳ ಹಾಕುವವರಿಗೊಂದು ಎಚ್ಚರಿಕೆ. ಎಚ್ಚರಿಕೆ ಎಲ್ಲರಿಗೂ ಇದ್ದರೂ ಏಟು ಮಾತ್ರ ಒಬ್ಬನಿಗೆ: ಇಂಗ್ಲೆಂಡಿನ ಹೆನ್ರಿ ಚಮ್ಲಿ ಪೆನೆಲ್. ಹಿಂದಿನ ವರ್ಷವಷ್ಟೇ ಪೆನೆಲ್ ‘ದಿ ಮಾಡರ್ನ್ ಪ್ರಾಕ್ಟಿಕಲ್ ಆಂಗ್ಲರ್’ ಎಂಬ ಪುಸ್ತಕ ತಂದಿದ್ದ. ಸ್ಟೀವರ್ಟನ ‘ದಿ ಪ್ರಾಕ್ಟಿಕಲ್ ಆಂಗ್ಲರ್’ 1857ರಿಂದಲೇ ಓದುಗರ ಕೈಯಲ್ಲಿತ್ತು. ತನ್ನ ಪುಸ್ತಕದ ಹೆಸರಿಗೇ ಒಂದು ‘ಮಾಡರ್ನ್’ ಅಂಟಿಸಿ ಇನ್ನೊಬ್ಬ ಪೇಟೆಗೆ ಇಳಿಸಿದರೆ ಯಾರಿಗೆ ತಾನೇ ಪಿತ್ತ ಕೆರಳುವುದಿಲ್ಲ? ಆತ ಎರಡೂ ಪುಸ್ತಕಗಳನ್ನು ಎದುರುಬದುರು ಇಟ್ಟು ಹೋಲಿಸಿ ಪೆನೆಲ್‌ನನ್ನು ಜಾಡಿಸಿದ.

ತಮಾಷೆ ಏನೆಂದರೆ ಇಬ್ಬರ ವಾದವೂ ಹೆಚ್ಚುಕಡಿಮೆ ಒಂದೇ. ಟ್ರೌಟ್ ಮೀನು ಹಿಡಿಯಲು ಡಬ್ಬಿಗಟ್ಟಲೆ ಕೃತಕ ನೊಣಗಳು ಬೇಕಿಲ್ಲ, ಮೂರ್ನಾಲ್ಕು ಬಗೆ ಇದ್ದರೆ ಧಾರಾಳವಾಯಿತು! ಒಂದೇ ಮಾತು ಹೇಳಿದ ಇಬ್ಬರು ಬಡಿದಾಡಿಕೊಂಡ ಈ ಪ್ರಸಂಗ ಗಾಳದ ಚರಿತ್ರೆಯಲ್ಲಿ ನನಗೆ ಬಲು ಇಷ್ಟವಾದದ್ದು. ಇಂದು ಕಡಿಮೆ ದುಡ್ಡಿನಲ್ಲಿ ನಾಲ್ಕಾರು ‘ವೆಟ್ ಫ್ಲೈ’ ಆರಿಸಿಕೊಳ್ಳಲು ಹೊರಟವರು ತಿಳಿದೋ ತಿಳಿಯದೆಯೋ ಈ ಜಗಳದ ಫಲವನ್ನೇ ಉಣ್ಣುತ್ತಿದ್ದಾರೆ.

ಎರೆಹುಳು ಚುಚ್ಚಿ ಗಾಳ ಹಾಕುವ ನಮಗೆ ಈ ಫ್ಲೈ ಸ್ವಲ್ಪ ಹೊಸದು. ಸಣ್ಣ ಗಾಳದ ಕೊಕ್ಕೆಗೆ ರೇಷ್ಮೆ ಎಳೆ ಸುತ್ತಿ, ಹಕ್ಕಿಯ ಗರಿಯೊಂದನ್ನು ಕಟ್ಟಿ ಹುಳುವೆಂದು ಮೀನನ್ನು ನಂಬಿಸುವ ಹಂಚಿಕೆ ಅದು. ನೀರಿನ ಮೇಲೆ ತೇಲಿದರೆ ‘ಡ್ರೈ’, ಒಳಗಿಳಿದು ಹರಿವಿನ ಜೊತೆ ಸಾಗಿದರೆ ‘ವೆಟ್’. ಟ್ರೌಟ್ ತನ್ನ ಆಹಾರದ ಬಹುಪಾಲನ್ನು ನೀರಿನೊಳಗೇ ಹಿಡಿಯುವುದರಿಂದ ಒಳಗಿಳಿಯುವ ನೊಣವೇ ಹಳೆಯದು, ಅಗ್ಗದ್ದು, ಬಹುಪಾಲು ದಿನಗಳಲ್ಲಿ ಉಪಯೋಗದ್ದು ಕೂಡ. 1496ರಲ್ಲಿ ಲಂಡನ್ನಿನ ಬಳಿ ವಿಂಕಿನ್ ಡಿ ವರ್ಡ್ ಮುದ್ರಿಸಿದ ಗಾಳದ ಪ್ರಬಂಧದಲ್ಲಿ ಇದ್ದದ್ದು ಹನ್ನೆರಡೇ ನೊಣ. ಆಮೇಲಿನ ಶತಮಾನಗಳಲ್ಲಿ ಪಟ್ಟಿ ಬೆಳೆಯುತ್ತ ಹೋಯಿತು. ಈ ತಿಂಗಳಿಗೆ ಇದು, ಆ ನದಿಗೆ ಅದು, ಬೆಳಿಗ್ಗೆಗೊಂದು, ಮುಸ್ಸಂಜೆಗೊಂದು. 1836ರಲ್ಲಿ ಆಲ್‌ಫ್ರೆಡ್ ರೊನಾಲ್ಡ್ಸ್ ನದಿಯ ಹುಳುಗಳನ್ನೂ ಅವನ್ನು ಹೋಲುವ ಫ್ಲೈಗಳನ್ನೂ ಬಣ್ಣದ ಚಿತ್ರಗಳಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲಂತೂ ಹುಳುವಿಗೊಂದು ಫ್ಲೈ ಎಂಬುದು ಶಾಸ್ತ್ರವೇ ಆಯಿತು. ಸುಂದರವಾದ ಪುಸ್ತಕ, ಅನುಮಾನವಿಲ್ಲ. ಅಂಗಡಿಯವರಿಗೂ ಅಷ್ಟೇ ಸುಂದರವಾಗಿ ಕಂಡಿರಬೇಕು.

ಸ್ಟೀವರ್ಟ್ ಬರೆಯುವ ಹೊತ್ತಿಗೆ ದಕ್ಷಿಣ ಸ್ಕಾಟ್ಲೆಂಡಿನ ಹೊಳೆಗಳು ಬದಲಾಗಿದ್ದವು. 1849ರಲ್ಲಿ ಎಡಿನ್‌ಬರೊದಿಂದ ಹಾವಿಕ್‌ವರೆಗೆ ರೈಲು ಬಂತು. ಹಳಿ ಗಾಲಾ ಹೊಳೆಯನ್ನು ಮತ್ತೆ ಮತ್ತೆ ದಾಟುತ್ತ ಟ್ವೀಡ್ ನದಿಯ ಕಡೆಗೆ ಇಳಿಯುತ್ತಿತ್ತು. ಪಟ್ಟಣದ ಗಾಳಗಾರರು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾಯಿತು. ಗುಡ್ಡದ ಗದ್ದೆಗಳಲ್ಲಿ ಬಸಿಗಾಲುವೆ ತೋಡಿದ್ದರಿಂದ ಮಳೆನೀರು ನಿಲ್ಲದೆ ಒಮ್ಮೆಲೇ ಹರಿದುಹೋಗಿ, ಬೇಸಿಗೆಯಲ್ಲಿ ಹೊಳೆ ತೆಳ್ಳಗೆ ತಿಳಿಯಾಗುತ್ತಿತ್ತು. ಮೀನಿಗೆ ಮನುಷ್ಯ ದೂರದಿಂದಲೇ ಕಾಣುತ್ತಿದ್ದ. ಹಾಗಾದರೆ ಮಾಡುವುದೇನು? ಟ್ರೌಟ್ ಹರಿವಿಗೆ ಎದುರಾಗಿ ನಿಲ್ಲುವ ಮೀನು. ಆದ್ದರಿಂದ ಹಿಂದಿನಿಂದ ಹೋಗಿ, ದಾರ ಚಿಕ್ಕದಿಟ್ಟು, ಮೇಲ್ಮುಖವಾಗಿ ಬೀಸು ಎಂದ ಸ್ಟೀವರ್ಟ್. ಆಗ ಅವನಿಗೆ ಇಪ್ಪತ್ತೈದರ ಆಸುಪಾಸು. ಆ ವಯಸ್ಸಿನ ಠೇಂಕಾರ ಪುಸ್ತಕದ ತುಂಬ ಇದೆ. ದಕ್ಷಿಣ ಸ್ಕಾಟ್ಲೆಂಡಿನಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಬಹುತೇಕ ಯಾವ ದಿನವಾದರೂ 12 ಪೌಂಡು, ಅಂದರೆ ಸುಮಾರು ಐದೂವರೆ ಕಿಲೊ, ಮೀನು ಹಿಡಿಯಬಲ್ಲವನೇ ಪಳಗಿದವನು ಎಂಬುದು ಅವನ ಲೆಕ್ಕ. ಇಂದು ಯಾರಾದರೂ ಅಷ್ಟು ಮೀನು ಕೊಂದು ಮನೆಗೆ ತಂದರೆ ನದಿ ಸಂಘದವರು ಬಾಗಿಲಿಗೆ ಬಂದಾರು.

ಆದರೆ ಈ ಕಥೆಯ ನಿಜವಾದ ನಾಯಕ ಸ್ಟೀವರ್ಟ್ ಅಲ್ಲ, ಜೇಮ್ಸ್ ಬೇಲಿ. ಪುಸ್ತಕ ಬರೆದವನಲ್ಲ, ಜಮೀನುದಾರನೂ ಅಲ್ಲ. ಟ್ರೌಟ್ ಹಿಡಿದು ಮಾರಿ ಹೊಟ್ಟೆ ಹೊರೆದವನು. ಸ್ಕಾಟ್ಲೆಂಡಿನಲ್ಲೇ ಇವನಷ್ಟು ನುರಿತ ಫ್ಲೈಗಾರ ಇಲ್ಲ ಎಂದು ಬಲ್ಲವರು ಹೇಳುತ್ತಿದ್ದರೆಂದು ಸ್ಟೀವರ್ಟನೇ ಒಪ್ಪಿ ಬರೆದಿದ್ದಾನೆ. ಮೀನಿನ ದುಡ್ಡಿನಲ್ಲೇ ಸಂಸಾರ ನಡೆಯಬೇಕಾದವನಿಗೆ ತಿಂಗಳಿಗೊಂದು ನೊಣ, ನದಿಗೊಂದು ನೊಣ ಎಂಬ ಶಾಸ್ತ್ರ ಎಲ್ಲಿಂದ ಬಂದೀತು? ಅವನು ಕಟ್ಟುತ್ತಿದ್ದದ್ದು ಸ್ಟಾರ್ಲಿಂಗ್ ಹಕ್ಕಿಯ ಪುಟ್ಟ ಕಪ್ಪು ಗರಿಯನ್ನು, ಕಂದು ರೇಷ್ಮೆ ಎಳೆಯಲ್ಲಿ. ಸ್ಟಾರ್ಲಿಂಗ್ ಎಂದರೆ ನಮ್ಮ ಗೊರವಂಕದ ಬಳಗದ ಹಕ್ಕಿ, ಆ ಸೀಮೆಯಲ್ಲಿ ಎಲ್ಲೆಲ್ಲೂ ಸಿಗುವಂಥದ್ದು. ರೆಕ್ಕೆ ಇಲ್ಲ, ಬಾಲ ಇಲ್ಲ, ಮಿನುಗು ಇಲ್ಲ. ಬೇಲಿ ತೋರಿಸಿಕೊಟ್ಟ ಈ ‘ಬ್ಲ್ಯಾಕ್ ಸ್ಪೈಡರ್’ ಅನ್ನೇ ಸ್ಟೀವರ್ಟ್ ತಾನು ಬಲ್ಲ ಫ್ಲೈಗಳಲ್ಲೆಲ್ಲ ಮುಂಚೂಣಿಯಲ್ಲಿಟ್ಟ. ಜೊತೆಗೆ ಇನ್ನೆರಡು: ಕಾರ್ನ್‌ಕ್ರೇಕ್ ಹಕ್ಕಿಯ ಕೆಂಗಂದು ಗರಿ, ಹಳದಿ ರೇಷ್ಮೆಯ ‘ರೆಡ್ ಸ್ಪೈಡರ್’, ಡಾಟರೆಲ್ ಹಕ್ಕಿಯ ಮಾಸಲು ಗರಿಯ ‘ಡನ್ ಸ್ಪೈಡರ್’.

ಕಟ್ಟುವ ಬಗೆಯಲ್ಲೂ ಒಂದು ಉಪಾಯವಿತ್ತು. ಗರಿಯನ್ನು ರೇಷ್ಮೆ ಎಳೆಯೊಡನೆ ಹೊಸೆದು, ಎರಡನ್ನೂ ಒಟ್ಟಿಗೆ ಕೊಕ್ಕೆಯ ಅರ್ಧದವರೆಗೆ ಸುತ್ತುವುದು. ಗರಿ ಮೃದು, ಟ್ರೌಟಿನ ಹಲ್ಲು ಚೂಪು. ಎಳೆಯ ಆಸರೆ ಇದ್ದರೆ ಗರಿ ಬೇಗ ಕಿತ್ತುಬರುವುದಿಲ್ಲ. ಮೆದು ಗರಿಯ ಎಳೆಗಳು ಹರಿವಿಗೆ ಸಿಕ್ಕಿ ಮುದುಡಿ ಅರಳುವಾಗ ನೀರಿನೊಳಗೆ ಏನೋ ಜೀವ ಮಿಸುಕುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಗಾತ್ರ, ಆಕಾರ, ಈ ಮಿಸುಕಾಟ ಮೂರೂ ಸರಿಯಿದ್ದರೆ ಬಣ್ಣದ ಸೂಕ್ಷ್ಮವನ್ನು ಮೀನು ಎಣಿಸುತ್ತ ಕೂರುವುದಿಲ್ಲ ಎಂಬುದು ಸ್ಟೀವರ್ಟನ ಖಚಿತ ನಿಲುವು.

ಇದೇ ಟ್ವೀಡ್ ಸೀಮೆಯಲ್ಲಿ ಇದಕ್ಕೆ ಪೂರಾ ತದ್ವಿರುದ್ಧದ ಬೆಡಗೂ ನಡೆಯುತ್ತಿತ್ತು. ಸಾಲ್ಮನ್ ಹಿಡಿಯುವ ಸಿರಿವಂತರ ಫ್ಲೈಗಳಿಗೆ ದಕ್ಷಿಣ ಅಮೆರಿಕದ ಟೂಕಾನ್ ಗರಿ ಬೇಕು, ನಮ್ಮ ಸಹ್ಯಾದ್ರಿಯ ಕಾಡುಕೋಳಿಯ ಕತ್ತಿನ ಗರಿಯೂ ಬೇಕು. ಮೇಣ ಹಚ್ಚಿದಂತೆ ಹೊಳೆಯುವ ಹಳದಿ-ಬಿಳಿ ಚುಕ್ಕೆಯ ಆ ಗರಿ ಇಲ್ಲದೆ ‘ಜಾಕ್ ಸ್ಕಾಟ್’ನಂಥ ಹೆಸರಾಂತ ಫ್ಲೈ ಪೂರ್ತಿಯಾಗುತ್ತಿರಲಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಹುಂಜಗಳಿಗೆ ಕಾನೂನಿನ ರಕ್ಷಣೆ ದಕ್ಕಿತು. ಈಗ ಬ್ರಿಟನ್ನಿನವರು ಕಾಡುಕೋಳಿಯನ್ನು ತಾವೇ ಸಾಕಿ ಗರಿ ಮಾರುತ್ತಾರೆ, ಆನೆಬೆಲೆಗೆ. ಬೇಲಿಯ ಸ್ಟಾರ್ಲಿಂಗಿಗೆ ಇಂಥ ಯಾವ ರಾಜಮರ್ಯಾದೆಯೂ ಇರಲಿಲ್ಲ.

ಇನ್ನು ಪೆನೆಲ್. ಆತ ಬರಿಯ ಬಾಯಿಬಡುಕನಲ್ಲ. ಹಾಸ್ಯಪದ್ಯಗಳ ಕವಿ, ಸಮುದ್ರ ಮೀನುಗಾರಿಕೆಯ ಸರ್ಕಾರಿ ಇನ್‌ಸ್ಪೆಕ್ಟರ್. ಹಸಿರು, ಕಂದು, ಹಳದಿ, ಇಷ್ಟೇ ಸಾಕು, ರೆಕ್ಕೆ ಬೇಡ ಎಂದು ಅವನೂ ಹೇಳಿದ. ಸ್ಟೀವರ್ಟನ ಮೂರು ಹುಟ್ಟಿದ್ದು ಹೊಳೆಯಲ್ಲಿ ಮೊಣಕಾಲುದ್ದ ನಿಂತು, ಪೆನೆಲ್‌ನ ಮೂರು ಮೇಜಿನ ಮುಂದೆ ಕೂತು ಎಂಬ ಅನುಮಾನ ನನ್ನದು. ಅದಕ್ಕೆ ಪುರಾವೆ ಕೇಳಬೇಡಿ, ಪಕ್ಷಪಾತ ಎಂದೇ ತಿಳಿಯಿರಿ. ಕಿರುಹೊತ್ತಗೆ ಹೊರಬಂದ ಮರುವರ್ಷ, 1872ರಲ್ಲಿ, ಸ್ಟೀವರ್ಟ್ ನಲವತ್ತರ ಪ್ರಾಯದಲ್ಲೇ ತೀರಿಹೋದ. ಪೆನೆಲ್ 1915ರವರೆಗೂ ಬದುಕಿ ಬರೆಯುತ್ತ, ಗಾಳದ ಕೊಕ್ಕೆಗಳನ್ನು ತಿದ್ದುತ್ತ ಇದ್ದ. ವಿಚಿತ್ರವೆಂದರೆ ಅವನ ಹಸಿರು-ಕಂದು-ಹಳದಿಯನ್ನು ಈಗ ಯಾರೂ ಕೇಳುವುದಿಲ್ಲ. ಅವನ ಹೆಸರು ಉಳಿದಿರುವುದು ಬೆಳ್ಳಿಯ ಎಳೆ ಸುತ್ತಿದ ಕರಿ ಫ್ಲೈಯಲ್ಲಿ, ‘ಬ್ಲ್ಯಾಕ್ ಪೆನೆಲ್’ನಲ್ಲಿ. ಅಗ್ಗದ ಡಬ್ಬಿಗಳಲ್ಲಿ ಅದು ಬೇಲಿಯ ಬ್ಲ್ಯಾಕ್ ಸ್ಪೈಡರ್ ಪಕ್ಕದಲ್ಲೇ ಕೂತಿರುತ್ತದೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1885ರಲ್ಲಿ ಟಿ. ಇ. ಪ್ರಿಟ್ ಯಾರ್ಕ್‌ಷೈರಿನ ಫ್ಲೈಗಳನ್ನು ಸಂಗ್ರಹಿಸಿ 62 ಬಗೆ ದಾಖಲಿಸಿದ. ಪಟ್ಟಿ ಮತ್ತೆ ಊದಿತು. ಮರುವರ್ಷ ಹ್ಯಾಲ್‌ಫರ್ಡ್ ತೇಲುವ ನೊಣದ ಪುಸ್ತಕ ತಂದ. ದಕ್ಷಿಣ ಇಂಗ್ಲೆಂಡಿನ ಹೊಳೆಗಳಲ್ಲಿ ವೆಟ್ ಫ್ಲೈ ಹಾಕುವುದೇ ಮೈಲಿಗೆ ಎನ್ನುವಲ್ಲಿಗೆ ಅದು ಮುಟ್ಟಿತು. 1910ರಲ್ಲಿ ಸ್ಕ್ಯೂಸ್ ಎಂಬ ವಕೀಲ ಮುಳುಗುವ ನೊಣದ ಪರ ವಾದ ಹೂಡಿದ. 1975ರಲ್ಲಿ ಅಮೆರಿಕದ ಸಿಲ್ವೆಸ್ಟರ್ ನೀಮ್ಸ್ ಮೆದುಗರಿಯ ಫ್ಲೈಗಳ ಮೇಲೆ ಪುಸ್ತಕ ಬರೆದಾಗ ಹೊಸ ತಲೆಮಾರು ಅವುಗಳ ಕಡೆ ತಿರುಗಿತು.

ಈ ನಡುವೆ ಹಕ್ಕಿಗಳೇ ಕಾಣೆಯಾದವು. ಡಾಟರೆಲ್ ಗರಿ ಸ್ಟೀವರ್ಟನ ಕಾಲಕ್ಕೇ ಅಪರೂಪ. ಬದಲಿಗೆ ಸ್ಟಾರ್ಲಿಂಗ್ ರೆಕ್ಕೆಯ ಒಳಬದಿಯ ಗರಿ ಸಾಕೆಂದು ಅವನೇ ದಾರಿ ತೋರಿಸಿದ್ದ. ಕಾರ್ನ್‌ಕ್ರೇಕ್ ಗತಿ ಇನ್ನೂ ಕೆಟ್ಟದ್ದು. ನಮ್ಮ ಹುಂಡುಕೋಳಿಯ ಬಳಗದ, ಹುಲ್ಲುಗಾವಲಿನಲ್ಲಿ ಗೂಡು ಕಟ್ಟುವ ಈ ಹಕ್ಕಿಗೆ ಹುಲ್ಲು ಕೊಯ್ಯುವ ಯಂತ್ರ ಮೃತ್ಯುವಾಯಿತು. ಬ್ರಿಟನ್ನಿನ ಮುಖ್ಯ ನೆಲದ ಬಹುಭಾಗದಿಂದ ಅದು ಅಳಿಸಿಹೋಗಿ, ಹೆಚ್ಚಾಗಿ ಹೆಬ್ರಿಡೀಸ್ ದ್ವೀಪಗಳಲ್ಲಿ ಉಳಿದಿದೆ. ಇಂದಿನ ‘ರೆಡ್ ಸ್ಪೈಡರ್’ ಎಂಬುದು ಬೇರೆ ಯಾವುದೋ ಕೋಳಿಯ ಬಣ್ಣ ಹಾಕಿದ ಗರಿಯದ್ದು.

ನನ್ನ ಕಿರಿಕಿರಿ ಬೇರೆ ಇದೆ. ಕೀನ್ಯಾ, ಶ್ರೀಲಂಕಾ, ಥಾಯ್ಲೆಂಡ್‌ಗಳ ಕುಶಲಕರ್ಮಿಗಳು ಕಟ್ಟುವ ಫ್ಲೈಗಳಿಂದಾಗಿ ಬೆಲೆ ಕೈಗೆಟುಕುವಂತಿದೆ. ಆ ಬೆರಳುಗಳ ನೈಪುಣ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಡಬ್ಬಿ ತುಂಬಿಸುವ ವ್ಯಾಪಾರಿ ಬಳೆಗಾರನ ಮಲಾರದ ಹಾಗೆ ಬಣ್ಣ ಬಣ್ಣದ್ದನ್ನು ಜೋಡಿಸುತ್ತಾನೆ. ಅದರಲ್ಲಿ ‘ಸ್ಟೀವರ್ಟ್ ಸ್ಪೈಡರ್’ ಎಂದು ಮಾರುವುದಕ್ಕೆ ಎಷ್ಟೋ ಸಲ ತಲೆಯ ಬಳಿ ಮಾತ್ರ ಎರಡು ಸುತ್ತು ಗರಿ, ಅದೂ ಹುಂಜದ ಬಿರುಸು ಗರಿ. ಅಂಗೈಯಲ್ಲಿ ಅಚ್ಚುಕಟ್ಟು, ನೀರಿನಲ್ಲಿ ಕಡ್ಡಿ.

ಕೊಳ್ಳುವವರಿಗೆ ನನ್ನ ಪಟ್ಟಿ ಚಿಕ್ಕದು. ಅರ್ಧ ಕೊಕ್ಕೆಯವರೆಗೆ ಗರಿ ಸುತ್ತಿದ ಬ್ಲ್ಯಾಕ್ ಸ್ಪೈಡರ್. ಗೌಜುಗದ ಗರಿ, ಕಿತ್ತಳೆ ರೇಷ್ಮೆಯ ‘ಪಾರ್ಟ್ರಿಜ್ ಅಂಡ್ ಆರೆಂಜ್’. ಯಾರ್ಕ್‌ಷೈರಿನ ‘ಸ್ನೈಪ್ ಅಂಡ್ ಪರ್ಪಲ್’. ಪಾದ್ರಿ ವಿಲಿಯಂ ಗ್ರೀನ್‌ವೆಲ್ ಹೇಳಿ, ಜೇಮ್ಸ್ ರೈಟ್ 1854ರಲ್ಲಿ ಟ್ವೀಡ್ ದಂಡೆಯ ಸ್ಪ್ರೌಸ್ಟನ್‌ನಲ್ಲಿ ಕಟ್ಟಿದ ‘ಗ್ರೀನ್‌ವೆಲ್ಸ್ ಗ್ಲೋರಿ’. ಕೆರೆಯಲ್ಲಿ ಹಾಕುವವರಾದರೆ ಪೆನೆಲ್‌ನ ಕರಿಯದೂ ಇರಲಿ, ಸ್ಟೀವರ್ಟ್ ಕ್ಷಮಿಸಲಿ. ಪ್ರತಿಯೊಂದೂ 14 ಮತ್ತು 16ನೇ ನಂಬರಿನ ಕೊಕ್ಕೆಯಲ್ಲಿ ಎರಡೆರಡು. ನಂಬರು ಏರಿದಷ್ಟೂ ಕೊಕ್ಕೆ ಸಣ್ಣದೆಂಬುದು ನೆನಪಿರಲಿ. ಸಿದ್ಧ ಡಬ್ಬಿ ಬೇಡ, ಬಿಡಿಯಾಗಿ ಕೇಳಿ ಕೊಳ್ಳಿ. ಉಳಿದ ದುಡ್ಡಿಗೆ ಗಾಲಾ ಹೊಳೆಯಲ್ಲಿ ಒಂದು ದಿನದ ಪರವಾನಗಿ ಕೊಂಡುಕೊಳ್ಳಬಹುದು.