ಕೃಷಿ ಕಾಲೇಜಿನ ಸೀಟಿಗೆ ತಯಾರಿ ಅಂಗಳದಿಂದಲೇ ಸುರುವಾಗಲಿ

ಪಿಯುಸಿಯಲ್ಲಿ ವಿಜ್ಞಾನ ಓದುವ ಮಕ್ಕಳು ನಿಮ್ಮ ಮನೆಯಲ್ಲಿದ್ದಾರಾ? ಹಾಗಾದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ತಟ್ಟೆಯೊಂದರಲ್ಲಿ ರಾಗಿ, ಸಾಸಿವೆ, ನವಣೆ, ಸಾಮೆ, ಎಳ್ಳು, ಹುಚ್ಚೆಳ್ಳು ಒಂದೊಂದು ಚಿಟಿಕೆ ಬೇರೆ ಬೇರೆಯಾಗಿಡಿ. 'ಯಾವುದು ಯಾವುದೂಂತ ಹೇಳು' ಅನ್ನಿ. ಅಡಿಕೆ ತೋಟದ ನಡುವೆಯೇ ಬೆಳೆದ ಎಷ್ಟೋ ಮಕ್ಕಳು ಮೂರನೆಯದಕ್ಕೇ ತಡವರಿಸುತ್ತಾರೆ.

ಇದು ತಮಾಷೆಯ ಮಾತಲ್ಲ. ಕೃಷಿ ಪದವಿಯ ಸೀಟು ಸಿಗುವುದೂ ತಪ್ಪುವುದೂ ಇಂಥ ಪ್ರಶ್ನೆಗಳ ಮೇಲೂ ನಿಂತಿದೆ.

ಏನಿದು ಕೃಷಿಕರ ಕೋಟಾ?

ನಮ್ಮ ರಾಜ್ಯದಲ್ಲಿ ಕೃಷಿ, ತೋಟಗಾರಿಕೆ, ಅರಣ್ಯ, ರೇಷ್ಮೆಯಂಥ ಪದವಿಗಳಿಗೆ ಸಿಇಟಿ ಮೂಲಕ ಪ್ರವೇಶ. ಈ ಸೀಟುಗಳಲ್ಲಿ ಒಂದು ದೊಡ್ಡ ಪಾಲು ಕೃಷಿಕರ ಮಕ್ಕಳಿಗೆ ಮೀಸಲು. ಶೇಕಡಾ 40 ಇದ್ದ ಈ ಪಾಲನ್ನು 50ಕ್ಕೆ ಏರಿಸುವುದಾಗಿ ಸರಕಾರ 2021ರಲ್ಲಿ ಘೋಷಿಸಿತು. ಕೋಟಾ ಬೇಕಾದರೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಸಲಕರಣೆ, ಗೊಬ್ಬರ, ಕೀಟ, ಕಳೆ, ಜಾನುವಾರು - ಇಂಥವನ್ನು ನೋಡಿ ಗುರುತಿಸುವುದೇ ಅದರ ತಿರುಳು. ಪಿಯುಸಿ ಮತ್ತು ಸಿಇಟಿ ಅಂಕಗಳ ಜತೆ ಈ ಅಂಕವೂ ಸೇರಿ ರ‍್ಯಾಂಕು ನಿಗದಿಯಾಗುತ್ತದೆ.

'ನಾವು ಕೃಷಿಕರೇ ಅಲ್ವಾ, ನಮ್ಮ ಮಕ್ಕಳಿಗೆ ಇದೆಲ್ಲ ಗೊತ್ತಿರುತ್ತೆ' ಅಂತ ಕೂತರೆ ಕೆಟ್ಟೆವು. ಹೈಸ್ಕೂಲಿಗೇ ಹಾಸ್ಟೆಲು ಸೇರಿದ ಮಗು ತೋಟ ಕಾಣುವುದು ರಜೆಯಲ್ಲಿ ಮಾತ್ರ. ಅದೂ ಅಲ್ಲದೆ ನಮ್ಮದು ಒಂದೇ ಬೆಳೆಯ ಊರು. ಅಡಿಕೆ, ಕಾಳುಮೆಣಸು ಬಿಟ್ಟರೆ ಬೇರೆ ಕಾಣಸಿಗುವುದು ಕಡಿಮೆ. ಬಯಲುಸೀಮೆಯ ಮಕ್ಕಳ ಕಷ್ಟ ಇದರ ತಿರುವು. ಜೋಳ, ಸಜ್ಜೆ ಕಣ್ಣು ಮುಚ್ಚಿಯೂ ಹೇಳುತ್ತಾರೆ, ಏಲಕ್ಕಿ ಗಿಡ ಕಂಡರೆ ಶುಂಠಿ ಅನ್ನುತ್ತಾರೆ.

ಖರ್ಚಿಲ್ಲದ ತಯಾರಿ

ಇದಕ್ಕೆ ಕೋಚಿಂಗ್ ಕ್ಲಾಸು ಬೇಡವೇ ಬೇಡ. ಐವತ್ತು ಸಣ್ಣ ಬಾಟಲಿ ಕೂಡಿಸಿ. ಸಿಕ್ಕ ಬೀಜಗಳನ್ನೆಲ್ಲ ಹಾಕಿ, ಹೆಸರಿನ ಚೀಟಿಯನ್ನು ಬಾಟಲಿಯ ತಳಕ್ಕೆ ಅಂಟಿಸಿ. ಮೇಲಿಂದ ನೋಡಿ ಹೇಳಬೇಕು, ಆಮೇಲೆ ತಿರುಗಿಸಿ ನೋಡಬೇಕು. ರಾಗಿಗಿಂತ ಸಾಸಿವೆ ನುಣುಪು, ಗುಂಡು. ಎಳ್ಳು ಚಪ್ಪಟೆ, ಒಂದು ತುದಿ ಚೂಪು. ಹುಚ್ಚೆಳ್ಳು ಉದ್ದ, ಕಪ್ಪು, ಹೊಳಪು. ಒಮ್ಮೆ ಕೈಯಲ್ಲಿ ಹಿಡಿದರೆ ಮತ್ತೆ ಮರೆಯುವುದಿಲ್ಲ.

ಊರಲ್ಲಿ ಸಿಗದ ಬೀಜಕ್ಕೆ ಏನು ಮಾಡುವುದು? ಹಾವೇರಿ, ತುಮಕೂರು ಕಡೆ ನೆಂಟರೋ ಗೆಳೆಯರೋ ಇದ್ದೇ ಇರುತ್ತಾರೆ. ಅವರಿಂದ ಹತ್ತಿ, ತೊಗರಿ, ಕುಸುಬೆ ತರಿಸಿ. ಬದಲಿಗೆ ನಮ್ಮ ಜಾಯಿಕಾಯಿ, ಕೊಕ್ಕೊ, ಮುರುಗಲು ಕಳಿಸಿ. ಎರಡೂ ಮನೆಯ ಮಕ್ಕಳಿಗೆ ಲಾಭ.

ಸಲಕರಣೆಗೂ ಹಾಗೆಯೇ. ಕೂರಿಗೆ, ಎಡೆಕುಂಟೆ ನೋಡಲು ಒಂದು ಕೃಷಿ ಮೇಳಕ್ಕೆ ಕರಕೊಂಡು ಹೋಗಿ. ಗೊಬ್ಬರದ ಚೀಲದ ಮೇಲಿನ ಅಂಕಿ ಓದಿಸಿ. ಯೂರಿಯಾದಲ್ಲಿ ಸಾರಜನಕ ಶೇಕಡಾ 46, ಡಿಎಪಿಯಲ್ಲಿ ಸಾರಜನಕ 18, ರಂಜಕ 46. ಹಟ್ಟಿಯಲ್ಲೂ ಪಾಠ ಉಂಟು: ದನದ ಗಬ್ಬ ಸುಮಾರು 280 ದಿನ, ಎಮ್ಮೆಯದು 310, ಆಡಿನದು 150. ಕೋಳಿಮೊಟ್ಟೆ ಮರಿಯಾಗಲು 21 ದಿನ.

ಕಾಗದಪತ್ರ ಮೊದಲೇ ಇರಲಿ

ತಹಶೀಲ್ದಾರರು ಕೊಡುವ ಕೃಷಿಕ ಕುಟುಂಬದ ಪ್ರಮಾಣಪತ್ರ ಇಲ್ಲದೆ ಕೋಟಾ ಇಲ್ಲ. ಇಲ್ಲೇ ಹೆಚ್ಚಿನವರು ಮುಗ್ಗರಿಸುವುದು. ಪಹಣಿ ಇನ್ನೂ ಅಜ್ಜನ ಹೆಸರಲ್ಲಿರುತ್ತದೆ, ಪಾಲಾಗಿರುವುದಿಲ್ಲ. ಆಗ ವಂಶವೃಕ್ಷ ಬೇಕಾಗುತ್ತದೆ. ಅಪ್ಪನ ಹೆಸರು ಪಹಣಿಯಲ್ಲೊಂದು ತರ, ಅಂಕಪಟ್ಟಿಯಲ್ಲಿ ಇನ್ನೊಂದು ತರ. ಇದನ್ನೆಲ್ಲ ಸರಿಮಾಡಲು ತಿಂಗಳುಗಳೇ ಬೇಕು. ಮಗು ಮೊದಲ ಪಿಯುಸಿಯಲ್ಲಿರುವಾಗಲೇ ನಾಡಕಚೇರಿಗೆ ಹೋಗಿ ವಿಚಾರಿಸಿದರೆ ಒಳ್ಳೆಯದು.

ಸಿಇಟಿ ಅರ್ಜಿ ತುಂಬುವಾಗಲೇ ಈ ಕೋಟಾ ಕೇಳಬೇಕು. ಸೈಬರ್ ಅಂಗಡಿಯವರ ಮೇಲೆ ಭಾರ ಹಾಕಿ ಚಹಾ ಕುಡಿಯಲು ಹೋಗಬೇಡಿ. ಪಕ್ಕದಲ್ಲೇ ಕೂತು ಒಂದೊಂದು ಸಾಲೂ ಓದಿಸಿ, ಆಮೇಲೆ ಒತ್ತಲು ಹೇಳಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಆಯಾ ವರ್ಷದ ಕೈಪಿಡಿಯನ್ನೇ ನಂಬಿ, ಹೋದ ವರ್ಷ ಬರೆದವರ ಮಾತನ್ನಲ್ಲ.

ಮುಂದೆ ಸಂದರ್ಶನಕ್ಕೂ ಇದೇ ಬಂಡವಾಳ

ನಾಲ್ಕು ವರ್ಷದ ಓದು ಮುಗಿದ ಮೇಲೆ ಬ್ಯಾಂಕಿನ ಕೃಷಿ ಅಧಿಕಾರಿಯಂಥ ಹುದ್ದೆಗೆ ಲಿಖಿತ ಪರೀಕ್ಷೆಯ ನಂತರ ಸಂದರ್ಶನ ಇರುತ್ತದೆ. 'ಮನೆಯಲ್ಲಿ ಏನು ಬೆಳೆ?' ಎಂಬ ಪ್ರಶ್ನೆ ಬಂದೇ ಬರುತ್ತದೆ ಅಂತಲೇ ತಯಾರಾಗಬೇಕು. 'ಅಡಿಕೆ' ಅಂತ ಹೇಳಿ ಬಾಯಿ ಮುಚ್ಚಿದರೆ ಅಲ್ಲಿಗೆ ಮಾತು ಮುಗಿಯಿತು. ಎಷ್ಟು ಎಕರೆ, ಎಷ್ಟು ಅಡಿ ಅಂತರ, ಕೊಳೆರೋಗಕ್ಕೆ ಏನು ಸಿಂಪಡಣೆ, ಕೂಲಿ ಎಷ್ಟಾಯಿತು - ಲೆಕ್ಕ ಸಮೇತ ಹೇಳುವವನ ಮಾತಿಗೆ ತೂಕ ಬರುತ್ತದೆ.

ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಪುಸ್ತಕದಲ್ಲೂ ಇದೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಇದನ್ನು ಕೈಯಾರೆ ಮಾಡಿದವನು ಹೇಳುವ ರೀತಿಯೇ ಬೇರೆ. ಗೊತ್ತಿಲ್ಲದ್ದನ್ನು 'ಗೊತ್ತಿಲ್ಲ ಸಾರ್' ಅನ್ನಲೂ ಅವನಿಗೆ ಅಂಜಿಕೆ ಇಲ್ಲ.

ಆದ್ದರಿಂದ ಬರುವ ರಜೆಯಲ್ಲಿ ತೋಟದ ಲೆಕ್ಕದ ಪುಸ್ತಕವನ್ನು ಮಗಳ ಕೈಗೋ ಮಗನ ಕೈಗೋ ಕೊಡಿ. ಗೊಬ್ಬರ, ಕೂಲಿ, ಮಾರಾಟ ಎಲ್ಲ ಅವರೇ ಬರೆಯಲಿ. ಪಹಣಿ ತೋರಿಸಿದರೆ ಕೋಟಾಕ್ಕೆ ಅರ್ಜಿ ಹಾಕಬಹುದು. ಸೀಟು ಗಿಟ್ಟಿಸಲು ಮಗು ಕೃಷಿ ಬಲ್ಲದ್ದಾಗಿರಬೇಕು. ಅದನ್ನು ಕಲಿಸಲು ನಮಗಿಂತ ಒಳ್ಳೆ ಮೇಷ್ಟ್ರು ಬೇರೆ ಯಾರಿದ್ದಾರೆ?